ಹಳದಿ ಸೀರೆಯ ಶುಕ್ರವಾರ

ನನ್ನ ಗಂಟಲಿನ ಬಗ್ಗೆ ಜನ ಏನೇನೋ ಹೇಳುತ್ತಾರೆ. ವಿಧಾನಸಭೆಯಲ್ಲಿ ನಾನು ಎದ್ದು ನಿಂತರೆ ಮೈಕು ಬೇಕಾಗುತ್ತಿರಲಿಲ್ಲ ಎನ್ನುವುದು ನಿಜ. ಸಭಾಧ್ಯಕ್ಷರೊಬ್ಬರು ಕೈಮುಗಿದು, "ತಾಯೀ, ಇಲ್ಲಿ ಯಾರೂ ಕಿವುಡರಿಲ್ಲ" ಎಂದದ್ದೂ ನಿಜ. ಎದುರಾಳಿಗಳು ಅದನ್ನೇ ಬೇರೆ ಥರ ಹೇಳುತ್ತಿದ್ದರು: ತಮಿಳರ ಹೆಣ್ಣು, ಅದಕ್ಕೇ ಬಾಯಿ ಜೋರು. ಮೊದಲ ಚುನಾವಣೆಯಲ್ಲಿ ಸಿದ್ದಾಪುರದ ಸಂತೆಗೆ ಹೋದಾಗ ಮುದುಕನೊಬ್ಬ ಅಡ್ಡ ನಿಂತು ಕೇಳಿದ.

"ನೀವು ಯಾವ ಕಡೀಯವ್ರಬೇ? ಮನ್ಯಾಗ ಯಾವ ಮಾತು ಆಡ್ತೀರಿ?"

"ಎರಡೂ ಆಡ್ತೀನೋ ಯಪ್ಪಾ. ಬೈಯೋದು ಮಾತ್ರ ಕನ್ನಡದಾಗ."

ಸಂತೆಯೆಲ್ಲ ನಕ್ಕಿತು, ಓಟೂ ಹಾಕಿತು. ಆ ಉತ್ತರವನ್ನು ಆಮೇಲೆ ಊರೂರಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ, ಸುಳ್ಳೇಕೆ ಹೇಳಲಿ. ಆದರೆ ನಮ್ಮ ಮನೆಯಲ್ಲಿ ಯಾವ ಮಾತು ಆಡುತ್ತೀರಿ ಎನ್ನುವುದು ನಗುವ ವಿಷಯವಾಗಿರಲಿಲ್ಲ. ವರ್ಷಕ್ಕೊಂದು ದಿನ ನಮ್ಮ ಮನೆಯಲ್ಲಿ ಕನ್ನಡ ಆಡುವಂತಿರಲಿಲ್ಲ. ಆ ದಿನ ಹೊತ್ತು ಮುಳುಗುವವರೆಗೆ ನನಗೆ ತಾಯಿಯೂ ಇರುತ್ತಿರಲಿಲ್ಲ.

ನಮ್ಮ ಮನೆ ಇದ್ದದ್ದು ಕೊಪ್ಪಳದಲ್ಲಿ, ರೈಲು ನಿಲ್ದಾಣದ ಕಡೆಗೆ, ಹತ್ತಿ ಬಿಡಿಸುವ ಜಿನ್ನಿನ ಕಾಂಪೌಂಡಿನೊಳಗೆ. ಅಪ್ಪ ಅಲ್ಲಿ ಇಂಜಿನ್ ಮೇಸ್ತ್ರಿ. ಆರ್ಕಾಟಿನ ಕಡೆಯಿಂದ ಇಂಜಿನ್ನಿನ ಜೊತೆಯಲ್ಲೇ ರೈಲಿನಲ್ಲಿ ಬಂದವನು. ಅದನ್ನು ಕೂಡಿಸಲು ಬಂದು ಅದರ ಹತ್ತಿರವೇ ಉಳಿದುಬಿಟ್ಟ. ಸುಗ್ಗಿಯ ದಿನಗಳಲ್ಲಿ ಹತ್ತಿಯ ಎಳೆ ಗಾಳಿಯಲ್ಲಿ ತೇಲುತ್ತಿತ್ತು. ಹಾಲಿನ ಕೆನೆಯ ಮೇಲೆ, ದೇವರ ಹಣೆಯ ಮೇಲೆ, ಮಲಗಿದವರ ರೆಪ್ಪೆಯ ಮೇಲೆ ಬಂದು ಕೂರುತ್ತಿತ್ತು. ಇಂಜಿನ್ನಿನ ಧಕ್ ಧಕ್ ಸದ್ದಿಗೆ ಅಡುಗೆಮನೆಯ ಪಾತ್ರೆಗಳು ಸಣ್ಣಗೆ ನಡುಗುತ್ತಿದ್ದವು. ಆ ಸದ್ದು ನಿಂತಾಗಲೇ ನಾವು ಬೆಚ್ಚಿಬೀಳುತ್ತಿದ್ದೆವು.

ಮನೆಯಲ್ಲಿ ಇದ್ದವರು ನಾಲ್ಕೇ ಜನ: ಅಪ್ಪ, ಅವ್ವ, ಅಪ್ಪನ ತಾಯಿ ಪಾಟಿ, ಮತ್ತೆ ನಾನು. ಅಡುಗೆಮನೆ ಒಂದೇ, ಒಲೆ ಎರಡು. ಒಂದರ ಮೇಲೆ ಪಾಟಿಯ ಅನ್ನ ಮತ್ತು ಹುಣಸೆಹುಳಿಯ ಕೊಳಂಬು, ಇನ್ನೊಂದರ ಮೇಲೆ ಅವ್ವನ ಜೋಳದ ರೊಟ್ಟಿ, ಪುಂಡಿ ಪಲ್ಯ. ಅಪ್ಪ ಪಾಟಿಯ ಒಲೆಯದನ್ನು ಉಣ್ಣುತ್ತಿದ್ದ, ನಾನು ಎರಡೂ ಕಡೆ ಕೈಹಾಕಿ ಇಬ್ಬರಿಂದಲೂ ಬೈಸಿಕೊಳ್ಳುತ್ತಿದ್ದೆ. ಅವ್ವ ಹನುಮಸಾಗರದವಳು. ಅವಳ ಅಣ್ಣ ಬಂಡಿ ಹೂಡಿಕೊಂಡು ಹತ್ತಿ ತರುತ್ತಿದ್ದ, ಅಪ್ಪನ ಸ್ನೇಹವಾಯಿತು, ತಾಯಿತಂದೆ ಇಲ್ಲದ ತಂಗಿಯನ್ನು ಎರಡನೆಯ ಸಂಬಂಧಕ್ಕೆ ಕೊಟ್ಟ. ಭಾಷೆ ಬೇರೆ, ಜಾತಿ ಬೇರೆ ಎಂದು ಊರು ಆಡಿಕೊಂಡಿತು, ಆಮೇಲೆ ಬೇಸರವಾಗಿ ಬಿಟ್ಟಿತು. ಅವ್ವನದು ಹರಿಯುವ ಬಾಯಿ. ಎಮ್ಮೆಯ ಜೊತೆ, ಒಲೆಯ ಜೊತೆ, ಉಬ್ಬದ ರೊಟ್ಟಿಯ ಜೊತೆ ಮಾತಾಡುವವಳು. ಜಗಳಕ್ಕೆ ನಿಂತಳೆಂದರೆ ಮೊದಲು ಬಲಗೈಯಿಂದ ಸೆರಗೆಳೆದು ಸೊಂಟಕ್ಕೆ ಸಿಕ್ಕಿಸುತ್ತಿದ್ದಳು. ಅದನ್ನು ಕಂಡ ಕೂಡಲೇ ನಾವು ಜಾಗ ಖಾಲಿ ಮಾಡುತ್ತಿದ್ದೆವು.

ಆದರೆ ಆ ಮನೆಯಲ್ಲಿ ಅವಳಿಗೆ ಹೆಸರಿರಲಿಲ್ಲ. ಪಾಟಿ "ಏಯ್" ಎನ್ನುತ್ತಿದ್ದಳು, ಅಪ್ಪ ಕೆಮ್ಮುತ್ತಿದ್ದ. ಜಿನ್ನಿನ ಆಳುಗಳಿಗೆ ಅವಳು ಮೇಸ್ತ್ರಿಯ ಹೆಂಡತಿ. ವರ್ಷಕ್ಕೊಮ್ಮೆ ಮಾವ ಬಂಡಿಯಿಂದ ಇಳಿದು, ಗೇಟಿನ ಹತ್ತಿರದಿಂದಲೇ "ನೀಲವ್ವಾ! ಏ ಹನುಮಸಾಗರದ ನೀಲವ್ವಾ!" ಎಂದು ಕೂಗಿದಾಗಲೇ ಆ ಹೆಸರು ನಮ್ಮ ಕಿವಿಗೆ ಬೀಳುತ್ತಿದ್ದುದು. ಅವ್ವ ಹಿಟ್ಟಿನ ಕೈಯಲ್ಲೇ ಓಡುತ್ತಿದ್ದಳು, ಹುಡುಗಿಯಾಗಿಬಿಡುತ್ತಿದ್ದಳು. ಮುಂದೆ ಹಳ್ಳಿಗಳಿಗೆ ಹೋದಾಗ ನಾನು ಯಾವ ಹೆಂಗಸನ್ನೂ ಇಂಥವನ ಹೆಂಡತಿ, ಇಂಥವನ ತಾಯಿ ಎಂದು ಮಾತಾಡಿಸಿದವಳಲ್ಲ. ಹೆಸರು ಕೇಳಿಕೊಂಡು, ಮುಂದಿನ ಸಲ ಅದೇ ಹೆಸರು ಹಿಡಿದು ಕೂಗುತ್ತಿದ್ದೆ. ಓಟಿನ ತಂತ್ರ ಎಂದರು. ಅನ್ನಲಿ ಬಿಡಿ.

ಮನೆಯಲ್ಲಿ ಹೆಸರಿದ್ದವಳು ಇನ್ನೊಬ್ಬಳು. ಒಳಕೋಣೆಗೆ ಕಿಟಕಿ ಇರಲಿಲ್ಲ. ಅಲ್ಲಿ ತೊಲೆಯಿಂದ ಹಗ್ಗ ಕಟ್ಟಿ ತಾಳೆಯೋಲೆ ಹೆಣೆದ ಒಂದು ಪೆಟ್ಟಿಗೆ ತೂಗುಹಾಕಿದ್ದರು. ಅದು ನೆಲ ಮುಟ್ಟುವಂತಿರಲಿಲ್ಲ. ಇಂಜಿನ್ ಓಡುವಾಗ ಅದು ಸಣ್ಣಗೆ ತೂಗಾಡುತ್ತಿತ್ತು. ಅದರೊಳಗೆ ಅಪ್ಪನ ಮೊದಲ ಹೆಂಡತಿ ಸೆಲ್ಲಮ್ಮನ ಸೀರೆ. ನಾನು ಅವಳನ್ನು ಪೆರಿಯಮ್ಮ ಎನ್ನಬೇಕಿತ್ತು, ಅಂದರೆ ದೊಡ್ಡಮ್ಮ. ನಾನು ಹುಟ್ಟುವ ಮೊದಲೇ, ಒಂದು ಸುಗ್ಗಿಯ ಮಧ್ಯಾಹ್ನ, ಅವಳು ಅಪ್ಪನಿಗೆ ಊಟ ಒಯ್ದಿದ್ದಳು. ಬುತ್ತಿಯನ್ನು ಕೆಳಗಿಡಲು ಬಗ್ಗಿದಾಗ ಸೆರಗು ಇಂಜಿನ್ನಿನ ಪಟ್ಟಾಕ್ಕೆ ಸಿಕ್ಕಿತು. ಆ ಅಗಲವಾದ ಚರ್ಮದ ಪಟ್ಟಾ ಹೇಗೆ ಓಡುತ್ತದೆಂದು ನೋಡಿದವರಿಗೆ ಉಳಿದದ್ದನ್ನು ಹೇಳಬೇಕಾಗಿಲ್ಲ. ಅಪ್ಪ ಆಮೇಲೆ ಇಂಜಿನ್ ಮನೆಯ ನೆಲಕ್ಕೆ ಸುಣ್ಣದ ಗೆರೆ ಎಳೆದ. ಯಾವ ಹೆಂಗಸೂ ಅದನ್ನು ದಾಟಬಾರದೆಂದು ಹುಕುಂ ಆಯಿತು. ಪ್ರತಿ ದೀಪಾವಳಿಗೆ ಆ ಗೆರೆಯನ್ನು ಅವನೇ ಮತ್ತೆ ಬಳಿಯುತ್ತಿದ್ದ.

ಗಂಡನಿಗಿಂತ ಮೊದಲು ಸತ್ತ ಮುತ್ತೈದೆ ಆ ಮನೆಯ ದೇವರಾಗುತ್ತಾಳೆ ಎನ್ನುವುದು ಅಪ್ಪನ ಕಡೆಯವರ ನಂಬಿಕೆ. ಸಂಕ್ರಾಂತಿ ಕಳೆದ ಮೊದಲ ಶುಕ್ರವಾರ ಅವಳನ್ನು ಊಟಕ್ಕೆ ಕರೆಯಬೇಕು. ಆ ದಿನ ಸಾಹುಕಾರನ ಅಪ್ಪಣೆ ಪಡೆದು ಅಪ್ಪ ನಡುಮಧ್ಯಾಹ್ನ ಇಂಜಿನ್ ನಿಲ್ಲಿಸುತ್ತಿದ್ದ. ಪಾಟಿ ಪೆಟ್ಟಿಗೆ ಇಳಿಸಿ, ಸೀರೆಯನ್ನು ಅರಿಶಿನದ ನೀರಲ್ಲಿ ಅದ್ದಿ, ಬಿಸಿಲು ತಾಗಿಸದೆ ಒಳಗೇ ಒಣಗಿಸುತ್ತಿದ್ದಳು. ಊಟಕ್ಕೆ ಮೈ ಬೇಕಲ್ಲ? ಅವಳ ಜಾಗಕ್ಕೆ ಬಂದವಳು ಅದೊಂದು ದಿನ ತನ್ನ ಮೈಯನ್ನು ಅವಳಿಗೆ ಕೊಡಬೇಕು. ಹಾಗಾಗಿ ಅವ್ವ ಆ ಹಳದಿ ಸೀರೆ ಉಟ್ಟು, ಒಳಕೋಣೆಯ ಮಣೆಯ ಮೇಲೆ ಕೂತು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಹೊರಗಿನಿಂದ ಪಾಟಿ ಕರೆಯುತ್ತಿದ್ದಳು.

"ಸೆಲ್ಲಮ್ಮಾ, ವಾಮ್ಮಾ. ಸೆಲ್ಲಮ್ಮಾ..."

ಬಾ ತಾಯಿ, ಎಂದು. ಆ ಮುದುಕಿಯ ಗಂಟಲಲ್ಲಿ ಅಷ್ಟು ಪ್ರೀತಿ ನಾನು ಬೇರೆ ದಿನ ಕೇಳಿರಲಿಲ್ಲ. ಬಾಗಿಲು ತೆರೆದಾಗ ಅಲ್ಲಿ ಕೂತವಳು ಅವ್ವ ಅಲ್ಲ, ಸೆಲ್ಲಮ್ಮ. ಅವಳಿಗೆ ಮೊದಲು ಬಡಿಸಬೇಕು, ಅವಳಿಗೆ ಯಾರೂ ಗದರುವಂತಿಲ್ಲ. ಸೆಲ್ಲಮ್ಮನಿಗೆ ಕನ್ನಡ ಬರುತ್ತಿರಲಿಲ್ಲ, ಅವ್ವ ತಮಿಳು ಆಡಿದವಳಲ್ಲ. ಹಾಗಾಗಿ ಅವಳು ಬಾಯಿಬಿಡದೆ ಕೂರಬೇಕು. ಹೊತ್ತು ಮುಳುಗುವಾಗ ಅಪ್ಪ ಎಲೆಯಡಿಕೆಯ ತಟ್ಟೆ ಹಿಡಿದು ಅವಳ ಮುಂದೆ ನಿಂತು, "ಪೋಯಿಟ್ಟು ವಾ" ಎನ್ನುತ್ತಿದ್ದ. ಹೋಗಿ ಬಾ. ಗಂಡನೇ ಹೇಳಬೇಕು, ಬೇರೆಯವರ ಮಾತಿಗೆ ಅವಳು ಹೋಗುವುದಿಲ್ಲ. ಅಷ್ಟಾದರೆ ಅವ್ವ ಸೀರೆ ಬಿಚ್ಚಿಟ್ಟು, ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿ, "ಯವ್ವಾ, ಕುಂತು ಕುಂತು ಸೊಂಟ ಬಿತ್ತು ನೋಡು" ಎನ್ನುತ್ತಿದ್ದಳು. ಆ ಮಾತು ಕೇಳಿದ ಮೇಲೆಯೇ ನಾನು ಅವಳ ಹತ್ತಿರ ಹೋಗುತ್ತಿದ್ದುದು.

ನಾನು ಸಾಲೆಯಲ್ಲಿ ಅಲಿಫ್ ಬೇ ತಿದ್ದುತ್ತಿದ್ದ ಕಾಲ, ಆಗ ನಮ್ಮ ಕಡೆ ಸಾಲೆ ಎಂದರೆ ಉರ್ದುವೇ. ಎಲ್ಲೋ ದೂರದಲ್ಲಿ ಯುದ್ಧ ನಡೆದಿತ್ತು, ಹತ್ತಿಗೆ ಎಲ್ಲಿಲ್ಲದ ಬೇಡಿಕೆ. ಅಂಗಳದ ತುಂಬ ಹತ್ತಿಯ ಬಂಡಿಗಳು ನಿಂತಿದ್ದವು. ಆ ವರ್ಷ ಸಾಹುಕಾರ ಇಂಜಿನ್ ನಿಲ್ಲಿಸಲು ಬಿಡಲಿಲ್ಲ, ಅಪ್ಪನನ್ನು ಮನೆಗೆ ಕಳಿಸಲೂ ಇಲ್ಲ. ಸಂಜೆಗಾದರೂ ಬಂದಾನು ಎಂದುಕೊಂಡು ಪಾಟಿ ಕರೆಯುವುದನ್ನು ಕರೆದೇ ಬಿಟ್ಟಳು. ಇಂಜಿನ್ ಓಡುತ್ತಿರುವಾಗ ಅವಳನ್ನು ಕರೆದದ್ದು ಅದೇ ಮೊದಲು. ಬಾಗಿಲು ತೆರೆದಾಗ ಅವ್ವ ಎಂದಿನಂತೆ ತಲೆತಗ್ಗಿಸಿ ಕೂತಿರಲಿಲ್ಲ. ತಲೆ ಎತ್ತಿ, ಇಂಜಿನ್ನಿನ ಸದ್ದು ಬರುವ ಕಡೆಗೆ ಕಿವಿಗೊಟ್ಟು ಕೂತಿದ್ದಳು. ಹೊತ್ತು ಮುಳುಗಿತು, ಅಪ್ಪ ಬರಲಿಲ್ಲ. ಎಲೆಯಡಿಕೆಯ ತಟ್ಟೆ ಹಾಗೇ ಉಳಿಯಿತು.

ಬೆಳಿಗ್ಗೆ ಎದ್ದಾಗ ಅವ್ವ ಹಳದಿ ಸೀರೆಯಲ್ಲೇ ಇದ್ದಳು. ಅಂಗಳದಲ್ಲಿ ಕೂತು ಎಡಗೈಯಲ್ಲಿ ರಂಗೋಲಿ ಹಾಕುತ್ತಿದ್ದಳು: ಚುಕ್ಕಿಗಳ ಸುತ್ತ ಎಳೆ ಸುತ್ತಿ ಸುತ್ತಿ ಬಂದು ಕೂಡಿಕೊಳ್ಳುವ, ಪಾಟಿಗಷ್ಟೇ ಬರುತ್ತಿದ್ದ ತಮಿಳು ಕೋಲ. ಪಾಟಿ ಹೊಸ್ತಿಲಿಂದಲೇ, "ಸೆಲ್ಲಮ್ಮನ ಕೈ!" ಎಂದು ಕೈಮುಗಿದಳು. ಸೆಲ್ಲಮ್ಮ ಎಡಚಿ ಎನ್ನುವುದು ನನಗೆ ಗೊತ್ತಾದದ್ದೇ ಆಗ. ಕೋಲವನ್ನು ಅವ್ವ ನೋಡಿ ನೋಡಿ ಕಲಿತಿರಬಹುದು, ಒಪ್ಪುತ್ತೇನೆ. ಎಡಗೈಯನ್ನು ಎಲ್ಲಿಂದ ಕಲಿತಳು?

"ಅವ್ವಾ, ಅಕ್ಕಾ ಅಂದ್ರೂ ಓ ಅನ್ನವಲ್ಲಳು, ಏನಾಗೈತಿ ನಿಮ್ಮವ್ವಗ?" ಎಂದು ಹತ್ತಿ ಆರಿಸುವ ದುರುಗವ್ವ ಗೋಡೆಯಾಚೆಯಿಂದ ಕೇಳಿದಳು. ಅವ್ವ ಒಂದು ಮಾತೂ ಆಡಲಿಲ್ಲ, ಆ ದಿನ ಮಾತ್ರವಲ್ಲ, ಆ ಇಡೀ ವಾರ. ಅವಳ ಒಲೆ ಹೊತ್ತಲಿಲ್ಲ. ಎಮ್ಮೆ ಒದರಿ ಒದರಿ ಸುಮ್ಮನಾಯಿತು. ನನಗೆ ಬಡಿಸುತ್ತಿದ್ದಳು, ಆದರೆ ಯಾರದೋ ಮನೆಯ ಕೂಸಿಗೆ ಬಡಿಸುವ ಹಾಗೆ, ಎಷ್ಟು ಹಾಕಬೇಕೆಂದು ತಿಳಿಯದೆ. ತಲೆ ಬಾಚಿಸಿಕೊಳ್ಳಲು ಹೋಗಿ ಮುಂದೆ ಕೂತರೆ ನನ್ನನ್ನು ನೋಡಿ ಮುಗುಳ್ನಕ್ಕು ಎದ್ದುಹೋದಳು. ಪೆರಿಯಮ್ಮನಿಗೆ ಮಕ್ಕಳಾಗಿರಲಿಲ್ಲ. ಅಂದಮೇಲೆ ನಾನು ಅವಳಿಗೆ ಯಾರು? ಇದು ಹೊಳೆದ ಮಧ್ಯಾಹ್ನ ಎಮ್ಮೆಯ ಕೊಟ್ಟಿಗೆಯಲ್ಲಿ ಕೂತು ಅತ್ತದ್ದು ಈಗಲೂ ನೆನಪಿದೆ. ಆಮೇಲೆ ರಾಜಕೀಯದಲ್ಲಿ ನನ್ನನ್ನು ಬಹಳ ಜನ ಗುರುತು ಸಿಗದವರ ಹಾಗೆ ದಾಟಿಹೋಗಿದ್ದಾರೆ. ಅದ್ಯಾವುದೂ ನನ್ನನ್ನು ಅಷ್ಟು ನೋಯಿಸಲಿಲ್ಲ.

ಎಲ್ಲಕ್ಕಿಂತ ಭಯವಾದದ್ದು ಅಪ್ಪನನ್ನು ನೋಡಿ. ಮೊದಲ ದಿನ ಅವನು ಸಿಟ್ಟಾದ, ಎರಡನೆಯ ದಿನ ಸುಮ್ಮನಾದ. ಆಮೇಲೆ ಮಾತಾಡತೊಡಗಿದ. ಅವ್ವನ ಜೊತೆ ಉಪ್ಪು, ಎಣ್ಣೆ ಬಿಟ್ಟು ಮಾತಾಡಿ ಗೊತ್ತಿಲ್ಲದವನು, ಈಗ ಕೆಲಸ ಮುಗಿಸಿ ಬಂದು ಅವಳ ಮುಂದೆ ಕೂತು ತಮಿಳಿನಲ್ಲಿ ತನ್ನೂರಿನ ಕೆರೆಯ ಬಗ್ಗೆ, ತಾಳೆಮರಗಳ ಬಗ್ಗೆ, ಸತ್ತುಹೋದ ಯಾವುದೋ ನಾಯಿಯ ಬಗ್ಗೆ ಹೇಳುತ್ತಿದ್ದ. ಅವಳು ಸರಿಯಾದ ಜಾಗದಲ್ಲೇ ತಲೆಯಾಡಿಸುತ್ತಿದ್ದಳು. ಒಂದು ಸಂಜೆ ಅವನು ಗೊಳ್ಳೆಂದು ನಕ್ಕ. ಅಪ್ಪನಿಗೆ ನಗಲು ಬರುತ್ತದೆಂದು ನನಗೆ ತಿಳಿದದ್ದೇ ಆವತ್ತು. ನನಗೆ ಹೊಟ್ಟೆ ಉರಿದುಹೋಯಿತು. ನನ್ನ ಅವ್ವನಿಗಾಗಿ ಆ ಮನುಷ್ಯ ಒಮ್ಮೆಯೂ ನಕ್ಕಿರಲಿಲ್ಲ.

ಅವಳು ನಟಿಸುತ್ತಿದ್ದಳೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೇನೆ, ನಾನು ಮಂತ್ರಿಯಾಗಿದ್ದಾಗ, ಅವ್ವನ ಕೊನೆಗಾಲದಲ್ಲಿ, ಅವಳ ಕಾಲು ಒತ್ತುತ್ತ. ಅವಳು ಕಾಲು ಎಳೆದುಕೊಂಡಳು.

"ಆಕಿ ಭಾಳ ಛಲೋ ಇದ್ದಳವ್ವ. ನನ್ನ ಸಲುವಾಗಿ ಬಂದಿದ್ದಳು."

ಮತ್ತೆ ಕೇಳುವ ಧೈರ್ಯ ನನಗಾಗಲಿಲ್ಲ. ಸದನದಲ್ಲಿ ಎಂಥೆಂಥವರನ್ನೋ ಪ್ರಶ್ನೆ ಕೇಳಿ ಬೆವರಿಳಿಸಿದವಳು ನಾನು.

ಕರೆದಂತೆ ಕಳಿಸುವುದೂ ಶುಕ್ರವಾರವೇ ಆಗಬೇಕಿತ್ತು. ಮರುವಾರದ ಶುಕ್ರವಾರ, ಅವಳನ್ನು ಇವತ್ತೇ ಕಳಿಸು ಎಂದು ಪಾಟಿ ಪಟ್ಟು ಹಿಡಿದಳು. ಹಳೆಯ ಸೊಸೆ ಬಂದಳೆಂದು ಮೊದಲು ಹಿಗ್ಗಿದ್ದ ಮುದುಕಿ ಈಗ ಹೆದರಿದ್ದಳು. ಅವ್ವ ಎದುರು ಬಂದರೆ ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಿದ್ದಳು. ತಾನೇ ಸಾಹುಕಾರನ ಕಾಲು ಹಿಡಿದು, ಅಪ್ಪನಿಗೆ ಮಧ್ಯಾಹ್ನ ಮನೆಗೆ ಬರಲು ಒಂದಿಷ್ಟು ಹೊತ್ತು ಬಿಡಿಸಿಕೊಂಡು ಬಂದಳು. ಇಂಜಿನ್ನನ್ನು ಎಣ್ಣೆ ಹಾಕುವವನ ಕೈಗೆ ಬಿಟ್ಟು ಅಪ್ಪ ಬಂದ. ಅವ್ವ ಮಣೆಯ ಮೇಲೆ ಕೂತಿದ್ದಳು. ಪಾಟಿ ತಟ್ಟೆಯನ್ನು ಅವನ ಕೈಗೆ ಕೊಟ್ಟಳು. ಆಡಬೇಕಾದ್ದು ಒಂದೇ ಮಾತು. ಅಪ್ಪ ತಟ್ಟೆ ಹಿಡಿದು ನಿಂತ. ಅವನ ಬಾಯಿ ತೆರೆಯಿತು, ಮುಚ್ಚಿತು. ಅವಳು ಅವನ ಮುಖವನ್ನೇ ನೋಡುತ್ತಿದ್ದಳು, ನಾನು ಬಾಗಿಲ ಹಿಂದಿನಿಂದ ಇಬ್ಬರನ್ನೂ ನೋಡುತ್ತಿದ್ದೆ. ಹೇಳಪ್ಪಾ, ಹೇಳಿಬಿಡಪ್ಪಾ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಅವನು ತಟ್ಟೆಯನ್ನು ನೆಲಕ್ಕಿಟ್ಟು, ಸಂಜೆ ನೋಡೋಣ ಎಂದು ತಮಿಳಿನಲ್ಲಿ ಗೊಣಗಿ, ಉಣ್ಣದೆ ಹೊರಟುಹೋದ.

"ಪಾಪಿ! ಹೋದವಳನ್ನ ಹಿಡಕೊಂಡು ಇರೋವಳನ್ನ ಕಳಕೋತೀಯಾ?" ಎಂದು ಪಾಟಿ ಅವನ ಬೆನ್ನಿಗೆ ಕೂಗಿದಳು. ಅವಳು ಅದನ್ನು ಕನ್ನಡದಲ್ಲಿ ಕೂಗಿದಳು. ಯಾರಿಗೆ ಕೇಳಲೆಂದು ಹಾಗೆ ಕೂಗಿದಳೋ ನನಗೆ ಗೊತ್ತಿಲ್ಲ.

ಅವ್ವ ಎದ್ದಳು. ಅಡುಗೆಮನೆಗೆ ಹೋಗಿ ಅನ್ನ, ಕೊಳಂಬು ಬುತ್ತಿಗೆ ತುಂಬಿದಳು. ಅದನ್ನು ಎಡಗೈಯಲ್ಲಿ ಹಿಡಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸದೆ ಜೋಲಾಡಲು ಬಿಟ್ಟು, ಹೊಸ್ತಿಲು ದಾಟಿದಳು. ಅವ್ವ ಯಾವತ್ತೂ ಇಂಜಿನ್ ಮನೆಗೆ ಊಟ ಒಯ್ದವಳಲ್ಲ. ಪೆರಿಯಮ್ಮ ಸತ್ತ ಮೇಲೆ ಆ ಕೆಲಸ ಆಳಿನದು. ಪಾಟಿ ನನ್ನ ರಟ್ಟೆ ಹಿಡಿದು ನೂಕಿದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ನಾನು ಓಡಿದೆ.

ಬಂಡಿಗಳ ನಡುವೆ, ಹತ್ತಿಯ ಗುಡ್ಡೆಗಳ ನಡುವೆ ಆ ಹಳದಿ ಮುಂದೆ ಮುಂದೆ ಹೋಗುತ್ತಿತ್ತು. ಅವಳು ಅವಸರ ಮಾಡುತ್ತಿರಲಿಲ್ಲ, ಆದರೂ ನನಗೆ ಸಿಗಲಿಲ್ಲ. ನಾನು ಇಂಜಿನ್ ಮನೆಯ ಬಾಗಿಲು ತಲುಪುವಾಗ ಅವಳು ಒಳಗಿದ್ದಳು. ಅಪ್ಪ ಆಚೆ ತುದಿಯಲ್ಲಿ ಬೆನ್ನು ಮಾಡಿ ಬಗ್ಗಿದ್ದ. ಎಳೆಗಳು ತೇಲುವ ಆ ಬಿಳಿ ಗಾಳಿಯಲ್ಲಿ ಪಟ್ಟಾ ಓಡುತ್ತಿತ್ತು. ಅವಳು ಸುಣ್ಣದ ಗೆರೆ ದಾಟಿದಳು. ಪಟ್ಟಾದ ಗಾಳಿಗೆ ಸೆರಗು ತಾನಾಗಿ ಎದ್ದು, ಅದರ ಕಡೆಗೇ ಚಾಚಿತು.

"ಅವ್ವಾ!" ಎಂದೆ. ಅವಳು ನಿಲ್ಲಲಿಲ್ಲ.

"ಅಮ್ಮಾ!" ಎಂದೆ. ಅದಕ್ಕೂ ನಿಲ್ಲಲಿಲ್ಲ. ಮಕ್ಕಳಿಲ್ಲದವಳು ಯಾಕೆ ನಿಲ್ಲುತ್ತಾಳೆ?

"ಪೆರಿಯಮ್ಮಾ!"

ಅವಳು ತಿರುಗಿದಳು. ನನ್ನನ್ನು ನೋಡಿ ಮುಗುಳ್ನಕ್ಕು, ಸುಮ್ಮನಿರು ಎನ್ನುವಂತೆ ತುಟಿಯ ಮೇಲೆ ಬೆರಳಿಟ್ಟಳು. ಮತ್ತೆ ಆ ಕಡೆ ತಿರುಗಿ, ಬುತ್ತಿಯನ್ನು ಕೆಳಗಿಡಲು ಬಗ್ಗತೊಡಗಿದಳು. ಆ ಗಳಿಗೆಯಲ್ಲಿ ನನ್ನ ಹೊಟ್ಟೆಯೊಳಗಿನಿಂದ ಮಾವನ ಕೂಗು ಎದ್ದು ಬಂತು. ಇಂಜಿನ್ನಿನ ಸದ್ದನ್ನು ಮೀರಿ ಅಷ್ಟು ದೊಡ್ಡದಾಗಿ ಕೂಗಬಲ್ಲೆನೆಂದು ನನಗೇ ಗೊತ್ತಿರಲಿಲ್ಲ.

"ನೀಲವ್ವಾ! ಏ ಹನುಮಸಾಗರದ ನೀಲವ್ವಾ!"

ಬುತ್ತಿ ಎಡಗೈಯಿಂದ ಜಾರಿ ಬಿತ್ತು. ಬಲಗೈ ಬಂದು ಸೆರಗನ್ನು ಸರಕ್ಕನೆ ಎಳೆದು ಸೊಂಟಕ್ಕೆ ಸಿಕ್ಕಿಸಿತು.

ಅಪ್ಪ ತಿರುಗಿ ನೋಡಿ, ಇಂಜಿನ್ ನಿಲ್ಲಿಸಲು ಅದರ ಮೇಲೆ ಬಿದ್ದ. ಅದು ಒಮ್ಮೆಲೇ ನಿಲ್ಲುವುದಿಲ್ಲ. ಪಟ್ಟಾ ನಿಧಾನವಾಗುತ್ತ, ನಿಧಾನವಾಗುತ್ತ, ಕೊನೆಗೆ ಒಂದು ನಿಟ್ಟುಸಿರು ಬಿಟ್ಟು ನಿಂತಿತು. ಆ ನಿಶ್ಶಬ್ದಕ್ಕೆ ನನ್ನ ಕಿವಿ ನೋಯಿತು. ಅವ್ವ ಗೆರೆಯನ್ನು ಈಚೆ ದಾಟಿ ಬಂದು ನನ್ನ ಮುಖಕ್ಕೆ ಮುಖ ತಂದಳು. ತುಟಿಗಳು ಒಣಗಿ ಸೀಳಿದ್ದವು.

"ಯಾರನ್ನ ಕರದಿ?"

"ನಿನ್ನನ್ನ, ಅವ್ವಾ. ನಿನ್ನ ಕರದೆ," ಎಂದು ಅವಳ ಕಾಲು ತಬ್ಬಿಕೊಂಡೆ. ಅವಳ ಬಲಗೈ ನನ್ನ ತಲೆಯ ಮೇಲೆ ಬಂತು, ಬಂದು ಸಿಕ್ಕಾದ ಕೂದಲಲ್ಲಿ ಬೆರಳಾಡಿಸಿತು. ಆದರೆ ಅವಳು ನೋಡುತ್ತಿದ್ದದ್ದು ಅಪ್ಪನನ್ನು.

"ಕೂಸು ಕರೀತು," ಎಂದಳು. "ಈಗ ನೀವು ಕರೀರಿ."

ಅಪ್ಪ ಎಣ್ಣೆಗೈಯಲ್ಲಿ ಮುಖ ಒರೆಸಿಕೊಂಡ. ಮೊದಲು ಅವನು ತಿರುಗಿದ್ದು ಪಟ್ಟಾದ ಕಡೆಗೆ, ಅನ್ನ ಚೆಲ್ಲಿದ್ದ ಜಾಗದ ಕಡೆಗೆ. "ಸೆಲ್ಲಮ್ಮಾ," ಎಂದ. "ಪೋಯಿಟ್ಟು ವಾಮ್ಮಾ." ಅವನು ಅಳುತ್ತಿದ್ದ. ಅಲ್ಲಿ ಯಾರೂ ಇರಲಿಲ್ಲ. ಆದರೆ ಗಾಳಿಯಲ್ಲಿ ನಿಂತಿದ್ದ ಹತ್ತಿಯ ಎಳೆಗಳು ಯಾರೋ ನಡೆದುಹೋಗಲು ದಾರಿ ಬಿಟ್ಟಂತೆ ಎರಡು ಕಡೆ ಸರಿದವು. ಆ ದಾರಿ ನಮ್ಮ ಪಕ್ಕದಿಂದಲೇ ಹಾದು ಬಾಗಿಲಿನವರೆಗೆ ಹೋಯಿತು. ಅರಿಶಿನದ ವಾಸನೆ ಬಂತು, ಹೋಯಿತು. ನಾನು ಕಂಡದ್ದನ್ನು ಹೇಳುತ್ತಿದ್ದೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಆಮೇಲೆ ಅಪ್ಪ ಅವ್ವನ ಕಡೆಗೆ ತಿರುಗಿದ. ಅಷ್ಟು ವರ್ಷ ಒಂದೇ ಸೂರಿನ ಕೆಳಗೆ ಇದ್ದೂ ಆಡದ ಹೆಸರು ಅವನ ನಾಲಿಗೆಗೆ ತೊಡರಿತು.

"ನೀಲವ್ವಾ," ಎಂದ.

ಅವ್ವ ಕಣ್ಣು ಮುಚ್ಚಿಕೊಂಡು ನಿಂತಿದ್ದಳು.

"ಇನ್ನೊಮ್ಮೆ," ಎಂದಳು.